ಮಡಚುವ ಕೋಣೆ

ನನ್ನ ತಮ್ಮನ ಫೋಟೋ ಊರ ತುಂಬ ಅಂಟಿಸಿದ್ದಾರೆ. ಬಸ್ ನಿಲ್ದಾಣದಲ್ಲಿದೆ, ಔಷಧಿ ಅಂಗಡಿಯ ಗೋಡೆಗಿದೆ, ಆಸ್ಪತ್ರೆಯ ಗೇಟಿನ ಎರಡೂ ಕಂಬಕ್ಕಿದೆ. ಬಿಳಿ ಬೆಡ್‌ಶೀಟಿನ ಮೂಲೆ ಹಿಡಿದುಕೊಂಡು ನಗುತ್ತಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ ಅವನದೇ ಮಾತು: "ನಾನಿಲ್ಲಿ ರೋಗಿಯಲ್ಲ, ಕೆಲಸಗಾರ." ಅದರ ಕೆಳಗೆ ಸರ್ಕಾರದ ಮುದ್ರೆ. ಅದೇ ಗೇಟಿನಲ್ಲಿ, ಅದೇ ಫೋಟೋದ ಕೆಳಗೆ, ಸೆಕ್ಯುರಿಟಿಯವನು ನನ್ನ ತಮ್ಮನ ಕತ್ತಿನ ಪಟ್ಟಿ ಹಿಡಿದು ಆಚೆ ತಳ್ಳಿದ. ನಾನು ಕಣ್ಣಾರೆ ಕಂಡೆ.

ಇದು ಹೇಗಾಯಿತು ಎಂದು ಹೇಳುತ್ತೇನೆ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಮೆತ್ತಗೆ ಮಾತಾಡಿದವರೇ ನಮ್ಮ ಕತ್ತು ಕೊಯ್ದದ್ದು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಆಸ್ಪತ್ರೆಯ ಹಿಂಭಾಗದಲ್ಲಿ, ಶವಾಗಾರಕ್ಕೂ ಅಡುಗೆಮನೆಗೂ ನಡುವೆ ನಮ್ಮ ಲಾಂಡ್ರಿ. ಹೆರಿಗೆ ವಾರ್ಡಿನ ರಕ್ತ, ಸುಟ್ಟಗಾಯದ ವಾರ್ಡಿನ ಕೀವು, ಎದ್ದು ಹೋಗಲಾಗದವರ ಉಚ್ಚೆ, ಹೇಲು, ಎಲ್ಲವೂ ಶೀಟಿನಲ್ಲಿ ಸುತ್ತಿಕೊಂಡು ನಮ್ಮ ಹತ್ತಿರ ಬರುತ್ತಿತ್ತು. ಬಿಸಿನೀರಿನ ತೊಟ್ಟಿಗೆ ಸೋಡಾ, ಬ್ಲೀಚಿಂಗ್ ಪುಡಿ ಹಾಕಿ, ಕೋಲಿನಲ್ಲಿ ತಿರುವಿ, ಎತ್ತಿ, ಹಿಂಡಬೇಕು. ನೆಂದ ಶೀಟು ಹೆಣಭಾರ. ಬೆರಳ ಸಂದಿ ಬಿರಿದು, ಊಟದ ಖಾರ ತಾಗಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ದೊಡ್ಡ ಡಾಕ್ಟರುಗಳು ಮೂಗು ಮುಚ್ಚಿಕೊಂಡು ನಮ್ಮ ಬಾಗಿಲು ದಾಟುತ್ತಿದ್ದರು. ದಾಟಲಿ. ನಮಗೇನು ಅವರ ಸಹವಾಸ ಬೇಕಿರಲಿಲ್ಲ.

ಲಾಂಡ್ರಿಗೆ ಅಂಟಿಕೊಂಡು ತಗಡಿನ ಸೂರಿನ ಒಂದು ಉದ್ದನೆಯ ಕೋಣೆ ಇತ್ತು. ಒಣಗಿದ ಶೀಟುಗಳನ್ನು ಅಲ್ಲಿ ಮಡಚುತ್ತಿದ್ದರು. ಮಡಚುವವರೆಲ್ಲ ಮನೋರೋಗದ ವಾರ್ಡಿನಿಂದ ಹೊರಬಿದ್ದವರು. ವಾಸಿಯಾಗಿದೆ ಎಂದು ಡಾಕ್ಟರು ಹೇಳಿದರೂ ಯಾರೂ ಕೆಲಸಕ್ಕೆ ಕರೆಯದವರು, ಮನೆಯವರು ಎದುರು ಕೂತು ಉಣ್ಣದವರು. ಯಾವುದೋ ಕಾಲದಲ್ಲಿ ಒಬ್ಬ ಒಳ್ಳೆಯ ಡಾಕ್ಟರು ಶುರು ಮಾಡಿದ ಪದ್ಧತಿ ಅದು. ಬೆಳಿಗ್ಗೆ ಬರಬೇಕು, ಮಡಚಬೇಕು, ಸಂಜೆ ಹೋಗಬೇಕು. ವಾರಕ್ಕೊಮ್ಮೆ ಡಾಕ್ಟರೇ ಅಲ್ಲಿಗೆ ಬಂದು, ಸ್ಟೂಲು ಎಳೆದುಕೊಂಡು ಕೂತು, ನಿದ್ದೆ ಬರುತ್ತದಾ, ಮಾತ್ರೆ ನುಂಗಿದೆಯಾ ಎಂದು ಒಬ್ಬೊಬ್ಬರನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಕೈಗೆ ಸಿಗುತ್ತಿದ್ದುದು ಪುಡಿಗಾಸು. ಆದರೆ ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗ ಇತ್ತು. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿದ್ದರು.

ನನ್ನ ತಮ್ಮ ಮೊದಲು ಬಸ್ ಕಂಡಕ್ಟರಾಗಿದ್ದ. ಬಾಯಿ ಎಂದರೆ ಬಾಯಿ ಅವನದು. ಬಸ್ಸಿನ ಕೊನೆಯ ಸೀಟಿನವನೂ ಬೆಚ್ಚಿಬೀಳುವಂತೆ ಕೂಗುತ್ತಿದ್ದ. ಒಂದು ದಿನ ಹಾಗೇ "ರೈಟ್" ಎಂದು ಕೂಗಿದ. ಹಿಂದಿನ ಬಾಗಿಲಲ್ಲಿ ಒಬ್ಬ ಮುದುಕಿ ಇನ್ನೂ ಇಳಿಯುತ್ತಿದ್ದಳು. ಬಸ್ಸು ಹೊರಟಿತು. ಅವಳು ಚಕ್ರದ ಕೆಳಗೆ ಬಿದ್ದಳು. ಅವತ್ತಿನಿಂದ ನನ್ನ ತಮ್ಮನ ಮಾತು ನಿಂತಿತು. ತಟ್ಟೆ ಮುಂದಿಟ್ಟರೆ ಉಂಡ, ಇಡದಿದ್ದರೆ ಇಲ್ಲ. ಅವನ ಹೆಂಡತಿ ಕಾದು ಕಾದು ತವರಿಗೆ ಹೋದಳು. ಅವಳನ್ನು ನಾನು ಬೈಯುವುದಿಲ್ಲ. ವಾರ್ಡಿನಲ್ಲಿ ಇಟ್ಟರು, ಕರೆಂಟು ಕೊಟ್ಟರು, ಮಾತ್ರೆ ಕೊಟ್ಟರು. ನಿದ್ದೆ ಬಂತು, ಮಾತು ಬರಲಿಲ್ಲ. ಕೊನೆಗೆ ವಾರ್ಡಿನ ಡಾಕ್ಟರು ಮಡಚುವ ಕೋಣೆಗೆ ಕಳಿಸಿದರು.

ದೊಡ್ಡ ಶೀಟನ್ನು ಒಬ್ಬರು ನೆಟ್ಟಗೆ ಮಡಚಲಾಗದು. ಇಬ್ಬರು ಬೇಕು. ಆಚೀಚೆ ನಿಂತು ಮೂಲೆ ಹಿಡಿದು, ಎಳೆದು, ಕೊಡವಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಎದುರಿಗಿರುವವರ ಮುಖ ನೋಡದೆ ನಡೆಯುವ ಕೆಲಸ ಅಲ್ಲ. ತಮ್ಮನಿಗೆ ಜೋಡಿಯಾಗಿ ಸಿಕ್ಕವರು ಮೇಷ್ಟ್ರು. ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಇವನು ಬಾಯಿ ಬಿಡುತ್ತಿರಲಿಲ್ಲ, ಅವರು ಬಾಯಿ ಮುಚ್ಚುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೇಷ್ಟ್ರು ಶೀಟು ಎಳೆದು ಹಿಡಿದುಕೊಂಡು ಯಾವುದೋ ಹಳೆಯ ಹೆಡ್‌ಮಾಸ್ಟರ ಕಥೆ ಹೇಳುತ್ತ ನಿಂತೇಬಿಟ್ಟರು. ತಮ್ಮ ಕಾದ. ಕೈ ನೋಯುವ ತನಕ ಕಾದ. ಆಮೇಲೆ ಹೇಳಿದ:

"ರೈಟ್."

ಮಡಚುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡಿದರು. ಮೇಷ್ಟ್ರು ಮಾತ್ರ ಏನೂ ಆಗದವರ ಹಾಗೆ ಮುಂದೆ ನಡೆದು ಬಂದು, "ಬಂದೆ ಕಂಡಕ್ಟರ್ ಸಾಹೇಬ್ರೇ, ಬಂದೆ. ಟಿಕೆಟ್ ಮಾತ್ರ ಕೇಳ್ಬೇಡಿ, ಜೇಬು ಖಾಲಿ" ಎಂದರು. ಬಿದ್ದು ಬಿದ್ದು ನಕ್ಕರು ಎಲ್ಲರೂ. ತಮ್ಮನೂ ನಕ್ಕ. ನಾನು ತೊಟ್ಟಿಯ ಹತ್ತಿರ ಹೋಗಿ, ಹಬೆಯಲ್ಲಿ ಮುಖ ಇಟ್ಟುಕೊಂಡು ಮನಸಾರೆ ಅತ್ತೆ. ಆಮೇಲೆ ಆ ಕೋಣೆಯಲ್ಲಿ ಪ್ರತಿ ಜೋಡಿಗೂ ಅದೇ ಮಾತಾಯಿತು. ಎಳೆದು ಹಿಡಿಯಲು "ಹೋಲ್ಡಾನ್", ಮುಂದೆ ಬರಲು "ರೈಟ್". ಹೊರಗಿನಿಂದ ಕೇಳಿದವರು ಬಸ್ ಸ್ಟ್ಯಾಂಡ್ ಎಂದುಕೊಳ್ಳಬೇಕು, ಹಾಗೆ.

ಹೀಗಿರುವಾಗ ಬಂದಳು ನೀತಿ ಮೇಡಂ.

ಜನರ ಮಾನಸಿಕ ಆರೋಗ್ಯ ಸುಧಾರಿಸಲು ಸರ್ಕಾರ ಹೊಸ ನೀತಿ ಮಾಡುತ್ತಿದೆ, ಅದನ್ನು ಬರೆಯುವವರು ಇವರು ಎಂದು ಪರಿಚಯ ಮಾಡಿಕೊಟ್ಟರು. ಅದಕ್ಕೇ ನಾವು ಇಟ್ಟ ಹೆಸರು ಅದು. ಚಿಕ್ಕ ವಯಸ್ಸು, ಸಣ್ಣ ದನಿ. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೆ, ನಮ್ಮ ಒದ್ದೆ ನೆಲದ ಮೇಲೆ ಕೂತಳು. ನಮ್ಮ ಲೋಟದಲ್ಲೇ ಚಹಾ ಕುಡಿದಳು. ಮೊದಲನೇ ದಿನವೇ ನನ್ನನ್ನು ಅಕ್ಕ ಎಂದಳು.

"ಮೇಲೆ ಕೂತು ಬರೆದು ಕೆಳಗೆ ಎಸೆಯೋ ನೀತಿ ಅಲ್ಲ ಅಕ್ಕಾ ಇದು. ನಿಮಗೇನು ಬೇಕು ಅಂತ ನೀವೇ ಹೇಳಿ. ನಿಮ್ಮ ಮಾತಲ್ಲೇ ಬರೀತೀವಿ."

ನಮ್ಮನ್ನು ಹಾಗೆ ಯಾರು ಕೇಳಿದ್ದರು? ಎಲ್ಲರೂ ಹೇಳಿದೆವು. ಡಾಕ್ಟರನ್ನು ಪದೇ ಪದೇ ಬದಲಾಯಿಸಬೇಡಿ, ಮಾತ್ರೆ ಸ್ಟಾಕ್ ಇಲ್ಲ ಎಂದು ವಾಪಸ್ ಕಳಿಸಬೇಡಿ, ಒಂದು ಫ್ಯಾನ್ ಹಾಕಿಸಿ, ಈ ಕೋಣೆಯಂಥದ್ದು ಇನ್ನೂ ನಾಲ್ಕು ಕಡೆ ಮಾಡಿ ಎಂದೆವು. ಮೇಷ್ಟ್ರಂತೂ ಹಸಿದವನಿಗೆ ಅನ್ನ ಸಿಕ್ಕ ಹಾಗೆ ಮಾತಾಡಿದರು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಗೆ ನನ್ನ ತಮ್ಮನನ್ನು ಕೇಳಿದಳು:

"ಎಷ್ಟು ದಿನದಿಂದ ಪೇಷಂಟ್ ಆಗಿ ಇಲ್ಲಿಗೆ ಬರ್ತಿದೀರಾ ಅಣ್ಣ?"

ತಮ್ಮ ಶೀಟು ಕೆಳಗಿಡಲಿಲ್ಲ. ಎದೆ ಸೆಟೆಸಿ, ಹಳೆಯ ಕಂಡಕ್ಟರ್ ದನಿಯಲ್ಲಿ, "ನಾನಿಲ್ಲಿ ರೋಗಿಯಲ್ಲ ಮೇಡಂ. ಕೆಲಸಗಾರ" ಎಂದ.

ಅವಳ ಕಣ್ಣು ತುಂಬಿತು. ಸುಳ್ಳು ಕಣ್ಣೀರಲ್ಲ ಎಂದೇ ನಾನು ಈಗಲೂ ಹೇಳುತ್ತೇನೆ. "ಇನ್ನೊಂದ್ಸಲ ಹೇಳ್ತೀರಾ?" ಎಂದು ಫೋನು ಹಿಡಿದಳು. ಅವನು ಇನ್ನೊಂದು ಸಲ ಹೇಳಿದ. ಫೋಟೋ ತೆಗೆದಳು. ಹೊರಡುವಾಗ ಅವಳ ಕೈ ಹಿಡಿದುಕೊಂಡು ಕೇಳಿದೆ.

"ಮೇಡಂ, ಹೊಸ ನೀತಿ ಗೀತಿ ಅಂತ ಈ ಕೋಣೆಗೇನೂ ಆಗಲ್ಲ ತಾನೆ?"

"ನಾನಿದೀನಲ್ಲ ಅಕ್ಕಾ. ಈ ಕೋಣೆನ ಯಾರೂ ಮುಟ್ಟಲ್ಲ."

ನಂಬಿದೆ. ಎಂಥ ಹುಡುಗಿ ಎಂದು ಸಿಕ್ಕಸಿಕ್ಕವರ ಹತ್ತಿರ ಹೊಗಳಿಕೊಂಡು ತಿರುಗಿದೆ. ತಲೆ ಮೇಲೆ ಕೂರಿಸಿಕೊಂಡೆ.

ನೀತಿ ಬಂತು. ಆಸ್ಪತ್ರೆಯ ಸೂಪರಿಂಟೆಂಡೆಂಟು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ವಿವರಿಸಿದ. ರೋಗಿಗಳ ಕೈಲಿ ದುಡಿಸುವುದು ಅವರ ಘನತೆಗೆ ಕುಂದಂತೆ. ಆದ್ದರಿಂದ ರೋಗಿಗಳು ಇನ್ನು ಮಡಚುವ ಹಾಗಿಲ್ಲವಂತೆ. ಇನ್ನು, ತಾವು ರೋಗಿಗಳೇ ಅಲ್ಲ, ಕೆಲಸಗಾರರು ಎಂದು ಇವರೇ ಬಾಯಿಬಿಟ್ಟು ಹೇಳಿದ್ದಾರಲ್ಲ, ಅಂಥವರಿಗೆ ಆಸ್ಪತ್ರೆಯಲ್ಲೇನು ಕೆಲಸ? ಆದ್ದರಿಂದ ಅವರೂ ಬರುವ ಹಾಗಿಲ್ಲವಂತೆ. ರೋಗಿ ಎಂದರೂ ಆಚೆ, ಅಲ್ಲ ಎಂದರೂ ಆಚೆ.

"ಹಾಗಾದ್ರೆ ಇವರು ಎಲ್ಲಿಗೆ ಹೋಗ್ಬೇಕು ಸಾರ್?" ಎಂದು ಕೇಳಿದೆ.

"ಸಮುದಾಯದ ಮಡಿಲಿಗೆ ಹೋಗ್ತಾರಮ್ಮ. ಅದೇ ಹೊಸ ನೀತಿ."

ಮೇಷ್ಟ್ರು ಹೋದ ಮಡಿಲನ್ನು ನಾನು ನೋಡಿ ಬಂದೆ. ಅಳಿಯನ ಮನೆಯ ಕಾರು ನಿಲ್ಲಿಸುವ ಶೆಡ್ಡು. ಹೊರಗಿನಿಂದ ಚಿಲಕ. ಒಳಗೆ ಒಂದು ಚಾಪೆ, ಒಂದು ಬಕೆಟ್ಟು. ಕಿಟಕಿಯ ಹತ್ತಿರ ನಿಂತು "ಮೇಷ್ಟ್ರೇ" ಎಂದೆ. ಬಾಯಿ ಮುಚ್ಚದ ಆ ಮನುಷ್ಯ ಕಣ್ಣೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿದರು. ಮಗಳು ನನ್ನನ್ನು ಗೇಟಿನ ತನಕ ಕಳಿಸಲು ಬಂದು, "ನೀವು ಬರಬೇಡಿ, ಅಪ್ಪ ಆಮೇಲೆ ಗಲಾಟೆ ಮಾಡ್ತಾರೆ" ಎಂದಳು. ಥೂ, ಎಂಥ ಸಮುದಾಯ, ಎಂಥ ಮಡಿಲು.

ಬಟ್ಟೆಯನ್ನು ಹೊರಗಿನ ಕಂಟ್ರಾಕ್ಟರಿಗೆ ಕೊಟ್ಟರು. ಅವನ ಹತ್ತಿರ ಒಗೆಯುವುದಕ್ಕೂ ಯಂತ್ರ, ಮಡಚುವುದಕ್ಕೂ ಯಂತ್ರ. ಲಾಂಡ್ರಿ ಮುಚ್ಚಿ ನನ್ನನ್ನು ನೆಲ ಒರೆಸಲು ಹಾಕಿದರು. ಮಡಚುವ ಕೋಣೆಗೆ ಬಣ್ಣ ಬಳಿದರು. ಗೋಡೆಗೆ ಮೋಡದ ಚಿತ್ರ ಬರೆಸಿದರು, ಸೋಫಾ ತಂದಿಟ್ಟರು, ಕೊನೆಗೂ ಫ್ಯಾನ್ ಹಾಕಿಸಿದರು. ನೆಮ್ಮದಿ ಕೋಣೆ ಎಂದು ಬೋರ್ಡು. ಮೂಲೆಯಲ್ಲಿ ಒಂದು ಫೋನು. ಬೇಸರವಾದವರು ಅದನ್ನೆತ್ತಿ ಮಾತಾಡಬಹುದಂತೆ. ಒರೆಸುವಾಗ ನಾನೂ ಒಂದು ಸಲ ಎತ್ತಿ ಕಿವಿಗಿಟ್ಟುಕೊಂಡೆ. ಒಬ್ಬಳು ಹೆಂಗಸು, ನಿಮ್ಮ ಮಾತು ನಮಗೆ ಮುಖ್ಯ, ದಯವಿಟ್ಟು ಕಾಯಿರಿ ಎಂದಳು. ಕಾದೆ. ಅದನ್ನೇ ಮತ್ತೆ ಹೇಳಿದಳು. ಯಂತ್ರ, ಅದೂ ಯಂತ್ರವೇ.

ನೀತಿ ಮೇಡಂಗೆ ಫೋನು ಮಾಡಿದೆ. ಮಾಡಿ ಮಾಡಿ ಸಾಕಾದ ಮೇಲೆ ಒಂದು ಸಲ ಎತ್ತಿದಳು.

"ಅಕ್ಕಾ, ನಾನು ಬರೆದಿದ್ದು ಹಾಗಲ್ಲ. ಮೇಲಿನವರು ತಿದ್ದಿದ್ರು. ನನ್ನ ಕೈಲಿ ಏನಿದೆ ಹೇಳಿ?"

"ಯಾರೂ ಮುಟ್ಟಲ್ಲ ಅಂದಿದ್ರಿ."

"ಹೌದಕ್ಕಾ. ಆದ್ರೆ ನೋಡಿ, ನಿಮ್ಮ ತಮ್ಮನ ಮಾತು ನೀತಿಯ ಮೊದಲನೇ ಪುಟದಲ್ಲೇ ಇದೆ. ಅದು ಸಣ್ಣ ವಿಷಯ ಅಲ್ಲ."

ಮೊದಲನೇ ಪುಟವಂತೆ! ಫೋನು ಇಟ್ಟೆ.

ತಮ್ಮನಿಗೆ ಹೇಳಿ ಹೇಳಿ ನನಗೆ ಸಾಕಾಯಿತು. ಕೋಣೆ ಮುಚ್ಚಿದೆ ಕಣೋ ಎಂದರೆ, "ಬಣ್ಣ ಹೊಡೀತಿದಾರೆ, ಮುಗಿದ ಮೇಲೆ ಕರೀತಾರೆ" ಎನ್ನುತ್ತಿದ್ದ. ಬೆಳಿಗ್ಗೆ ಎದ್ದು ತಲೆ ಬಾಚಿ, ಊಟದ ಡಬ್ಬಿ ಹಿಡಿದು ಗೇಟಿಗೆ ಹೋಗುತ್ತಿದ್ದ. ಮೊದಮೊದಲು ಸೆಕ್ಯುರಿಟಿಯವನು ಬಾಯಲ್ಲಿ ಹೇಳಿ ಕಳಿಸಿದ. ಆಮೇಲೆ ಗದರಿದ. ಆ ದಿನ ತಮ್ಮ ಕಂಬದ ಮೇಲಿನ ಫೋಟೋ ಕಡೆ ಕೈ ತೋರಿಸಿ, "ನೋಡಣ್ಣ, ಅದು ನಾನೇ" ಎಂದ.

"ನೀನಾದ್ರೇನು, ನಿಮ್ಮಪ್ಪ ಆದ್ರೇನು? ಹುಚ್ಚರನ್ನ ಬಿಡಬೇಡ ಅಂತ ಆರ್ಡರ್ ಇದೆ. ನಡಿ ಆಚೆ."

ಕತ್ತಿನ ಪಟ್ಟಿ ಹಿಡಿದು ತಳ್ಳಿದ. ಡಬ್ಬಿ ಉರುಳಿ ಅನ್ನ ರಸ್ತೆಗೆ ಬಿತ್ತು. ನಾನು ಅಂಗಳದಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ಓಡಿ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಬೈದು ಏನು ಬಂತು? ತಮ್ಮ ರಸ್ತೆಯಲ್ಲಿ ಕೂತು ಅನ್ನ ಬಳಿದು ಡಬ್ಬಿಗೆ ತುಂಬುತ್ತಿದ್ದ. ಜನ ದಾಟಿಕೊಂಡು ಹೋಗುತ್ತಿದ್ದರು. ಆವತ್ತಿನಿಂದ ಅವನ ಮಾತು ಕಡಿಮೆಯಾಗತೊಡಗಿತು. ಹೂಂ, ಊಹೂಂ, ಅಷ್ಟೇ. ಆಮೇಲೆ ಅದೂ ಅಪರೂಪ. ಆ ಮಾತು ಇನ್ನೊಂದು ಸಲ ನಿಂತರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ತರಿಸಲು ಇನ್ನು ಕೋಣೆಯೂ ಇಲ್ಲ, ಮೇಷ್ಟ್ರೂ ಇಲ್ಲ.

ಆಗ ಮನೆ ಹುಡುಕಿಕೊಂಡು ಬಂದಳು ನೀತಿ ಮೇಡಂ. ಕೈಯಲ್ಲಿ ಹೊಸ ಅಂಗಿಯ ಪೊಟ್ಟಣ. ನೆಮ್ಮದಿ ಕೋಣೆಯ ಉದ್ಘಾಟನೆಯಂತೆ, ಮಂತ್ರಿಗಳು ಬರುತ್ತಾರಂತೆ. ತಮ್ಮ ವೇದಿಕೆ ಹತ್ತಿ ಆ ಒಂದು ಮಾತು ಹೇಳಬೇಕಂತೆ.

"ಒಂದೇ ಒಂದು ವಾಕ್ಯ ಅಕ್ಕಾ."

"ನಾಚಿಕೆ ಆಗಲ್ವಾ ನಿಮಗೆ? ಆ ವಾಕ್ಯ ಇಟ್ಕೊಂಡೇ ತಾನೆ ಅವನ ಕೆಲಸ ಕಿತ್ಕೊಂಡಿದ್ದು? ಹೋಗಿ, ಹೋಗಿ."

ಅಷ್ಟರಲ್ಲಿ ಒಳಗಿನಿಂದ ತಮ್ಮ ಬಂದ. ಅಂಗಿಯನ್ನು ನೋಡಿದ. ಎಷ್ಟೋ ದಿನದ ಮೇಲೆ ಪೂರ್ತಿ ಮಾತಾಡಿದ.

"ಕರೀತಿದಾರಾ ಅಕ್ಕಾ?"

"ಕೆಲಸಕ್ಕಲ್ಲ ಕಣೋ. ಭಾಷಣಕ್ಕೆ."

"ಕೆಲಸಗಾರ ಅಂತ ತಾನೆ ಹೇಳ್ಬೇಕು? ಕೆಲಸ ಕೊಡದೆ ಹಾಗೆ ಯಾಕೆ ಹೇಳಿಸ್ತಾರೆ? ನಿನಗೆ ಗೊತ್ತಾಗಲ್ಲ ಸುಮ್ನಿರು."

ನಾನು ಮೇಡಂ ಮುಖ ನೋಡಿದೆ. ಇಲ್ಲ ಎಂದು ಅವಳೇ ಹೇಳಲಿ ಎಂದು ನೋಡಿದೆ. ಅವಳು ಹೇಳಲಿಲ್ಲ. ಅಂಗಿಯನ್ನು ಅವನ ಕೈಗಿತ್ತು, "ಬೆಳಿಗ್ಗೆ ಬೇಗ ಬನ್ನಿ ಅಣ್ಣ" ಎಂದು ಹೊರಟಳು. ಅವನನ್ನು ತಡೆಯಲು ನನಗೂ ಮನಸ್ಸು ಬರಲಿಲ್ಲ. ಅವನ ಮುಖ ಅಷ್ಟು ಅರಳಿತ್ತು.

ಆವತ್ತು ಅವನು ಹೊಸ ಅಂಗಿ ಹಾಕಿಕೊಂಡು, ಊಟದ ಡಬ್ಬಿ ಹಿಡಿದುಕೊಂಡು ಬಂದ. ವೇದಿಕೆಗೆ ಡಬ್ಬಿ ಬೇಡ ಎಂದರೆ ಕೇಳಲಿಲ್ಲ. ಅದೇ ಸೆಕ್ಯುರಿಟಿಯವನು ಗೇಟು ತೆಗೆದು ಸಲಾಮು ಹೊಡೆದ. ಅಂಗಳದ ತುಂಬ ಶಾಮಿಯಾನ, ಕುರ್ಚಿ, ಕ್ಯಾಮೆರಾ. ನನಗೆ ಬೆಳಿಗ್ಗೆಯಿಂದ ನೆಲ ಒರೆಸುವ ಕೆಲಸ. ಬೂಟುಗಾಲಿನವರು ಬರುತ್ತಲೇ ಇದ್ದರು, ನಾನು ಒರೆಸುತ್ತಲೇ ಇದ್ದೆ.

ಮಂತ್ರಿಗಳು ತುಂಬ ಹೊತ್ತು ಮಾತಾಡಿದರು. ಯಾರೂ ಹಿಂದೆ ಉಳಿಯಬಾರದು, ಪ್ರತಿ ಮನಸ್ಸಿನ ಕೂಗೂ ನಮಗೆ ಕೇಳಿಸಬೇಕು ಎಂದರು. ಚಪ್ಪಾಳೆ ಬಿತ್ತು. ಆಮೇಲೆ ನಮ್ಮ ನೀತಿಯ ಪ್ರೇರಣೆ ಇವರು ಎಂದು ತಮ್ಮನನ್ನು ಕರೆದರು. ಮೇಡಂ ಅವನ ಕೈಗೆ ಮೈಕು ಕೊಟ್ಟಳು. ಅವನು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮೈಕು ಬಾಯಿಗೆ ಹಿಡಿದು, ಮಂತ್ರಿಗಳ ಕಡೆ ತಿರುಗಿದ.

"ಸಾರ್, ನಾಳೆ ಎಷ್ಟೊತ್ತಿಗೆ ಬರ್ಲಿ?"

ಮಂತ್ರಿಗಳು ನಕ್ಕರು. ಜನರೂ ನಕ್ಕರು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ತಮ್ಮ ಚಪ್ಪಾಳೆ ನಿಲ್ಲುವ ತನಕ ಕಾದು ಮತ್ತೆ ಕೇಳಿದ.

"ಬಣ್ಣ ಎಲ್ಲ ಆಯ್ತಲ್ಲ ಸಾರ್. ನಾಳೆ ಕೆಲಸಕ್ಕೆ ಎಷ್ಟೊತ್ತಿಗೆ ಬರ್ಲಿ?"

ಈ ಸಲ ಯಾರೂ ನಗಲಿಲ್ಲ. ಮೇಡಂ ಅವನ ಕಿವಿಯ ಹತ್ತಿರ ಬಂದು, "ಅಣ್ಣ, ಆ ವಾಕ್ಯ, ಆ ವಾಕ್ಯ ಹೇಳಿ" ಎಂದಳು. ಅವಳ ಪಿಸುಮಾತು ಮೈಕಿನಲ್ಲಿ ಅಂಗಳಕ್ಕೆಲ್ಲ ಕೇಳಿಸಿತು. ತಮ್ಮ ಹೇಳಲಿಲ್ಲ. ಅವಳು ಮೈಕು ತೆಗೆದುಕೊಳ್ಳಲು ಹೋದಳು. ಅವನು ಬಿಡಲಿಲ್ಲ. ಎಳೆದಾಡುವಾಗ ಡಬ್ಬಿ ಕೆಳಗೆ ಬಿತ್ತು. ಸೂಪರಿಂಟೆಂಡೆಂಟು ಮೈಕಿನ ವೈರನ್ನೇ ಕೀಳಿಸಿ, ಎದ್ದು ನಿಂತು ಜೋರಾಗಿ ಹೇಳಿದ:

"ಕ್ಷಮಿಸಿ, ಇವರಿಗೆ ಇವತ್ತು ಸ್ವಲ್ಪ ಹುಷಾರಿಲ್ಲ. ವಾರ್ಡಿಗೆ ಕರ್ಕೊಂಡು ಹೋಗ್ತಾರೆ."

ಇಬ್ಬರು ಅಟೆಂಡರುಗಳು ವೇದಿಕೆ ಹತ್ತಿದರು. ಅವರು ಹೇಳಿಕೊಟ್ಟದ್ದನ್ನು ಹೇಳಿದರೆ ನನ್ನ ತಮ್ಮ ಕೆಲಸಗಾರ. ತನ್ನದೇ ಪ್ರಶ್ನೆ ಕೇಳಿದರೆ ರೋಗಿ. ನಾನು ಒರೆಸುವ ಕೋಲು ಎಸೆದು ವೇದಿಕೆ ಹತ್ತಿದೆ. ಅಟೆಂಡರುಗಳಿಗೂ ಅವನಿಗೂ ನಡುವೆ ನಿಂತೆ.

"ನೀವು ಇವನ ಅಕ್ಕ ಅಲ್ವಾ?" ಎಂದ ಸೂಪರಿಂಟೆಂಡೆಂಟು, ಹಲ್ಲು ಕಚ್ಚಿಕೊಂಡು. "ಹುಷಾರಿಲ್ಲ ಅಂತ ನೀವೇ ಎಲ್ಲರಿಗೂ ಹೇಳಿ, ಕರ್ಕೊಂಡು ಹೋಗಿ. ಮುಗೀತು."

"ಹೇಳಲ್ಲ."

"ಏನಂದ್ರಿ?"

"ಅವನು ಹುಷಾರಾಗಿದಾನೆ. ಹುಷಾರಿಲ್ಲ ಅಂತ ನಾನು ಹೇಳಲ್ಲ. ಸಾಯೋ ತನಕ ಹೇಳಲ್ಲ. ಕೇಳಿದ್ದಕ್ಕೆ ಉತ್ತರ ಕೊಡಿ."

ಮೇಡಂ ಅಳುತ್ತಿದ್ದಳು. ಕೈ ಮುಗಿದಳು. "ಅಕ್ಕಾ, ಪ್ಲೀಸ್. ನನ್ನ ಕೆಲಸ ಹೋಗುತ್ತೆ."

"ಹೋಗ್ಲಿ. ಹೋದ್ರೆ ಹೇಗಿರುತ್ತೆ ಅಂತ ಗೊತ್ತಾಗುತ್ತೆ. ಇನ್ನೊಂದ್ಸಲ ನನ್ನ ಅಕ್ಕ ಅಂದ್ರೆ ಚೆನ್ನಾಗಿರಲ್ಲ. ನಾನು ನೆಲ ಒರೆಸೋಳು. ಹಾಗೇ ಕರೀರಿ."

ತಮ್ಮ ನನ್ನ ಸೆರಗು ಹಿಡಿದುಕೊಂಡ. "ಅಕ್ಕಾ, ನಾನು ಏನಾದ್ರೂ ತಪ್ಪು ಕೇಳಿದ್ನಾ?"

"ಇಲ್ಲಪ್ಪ. ಸರಿಯಾಗೇ ಕೇಳಿದೀಯ."

ಅವನ ಕೈ ಹಿಡಿದು ವೇದಿಕೆ ಇಳಿಸಿದೆ. ಗೇಟಿನ ಕಡೆ ಹೋಗುತ್ತೇವೆ ಎಂದುಕೊಂಡು ಜನ ದಾರಿ ಬಿಟ್ಟರು. ನಾನು ಗೇಟಿನ ಕಡೆ ಹೋಗಲಿಲ್ಲ. ರಿಬ್ಬನ್ ಕಟ್ಟಿದ್ದ ನಮ್ಮ ಕೋಣೆಯ ಬಾಗಿಲಿಗೆ ಹೋದೆ. ಅದರ ಹೊಸ್ತಿಲ ಮೇಲೆ ಕೂತೆ. ತಮ್ಮನೂ ಕೂತ.

ಮಂತ್ರಿಗಳು ಕತ್ತರಿ ಹಿಡಿದು ಬಂದರು. ಹಿಂದೆ ಕ್ಯಾಮೆರಾಗಳು. ನಮ್ಮನ್ನು ನೋಡಿ ನಿಂತರು.

"ಸ್ವಲ್ಪ ಪಕ್ಕಕ್ಕೆ ಸರಿಯಮ್ಮ."

"ಸರಿಯಲ್ಲ."

ತಮ್ಮ ಕತ್ತೆತ್ತಿ ಅವರ ಮುಖವನ್ನೇ ನೋಡಿದ. ಮೈಕು ಇರಲಿಲ್ಲ. ಅವನಿಗೆ ಬೇಕಾಗಿಯೂ ಇರಲಿಲ್ಲ. ಬಸ್ಸಿನ ಕೊನೆಯ ಸೀಟಿಗೆ ಕೇಳಿಸುವ ದನಿ ಅದು.

"ಸಾರ್, ಎಷ್ಟೊತ್ತಿಗೆ?"

"ನೋಡೋಣಪ್ಪ, ನೋಡೋಣ" ಎಂದರು ಮಂತ್ರಿಗಳು, ಅವರಿಗೆ ಬಾಯಿಪಾಠವಾಗಿದ್ದ ನಗೆಯಲ್ಲಿ.

"ಎಷ್ಟೊತ್ತಿಗೆ ನೋಡೋಣ ಸಾರ್?"

ಅವರ ನಗೆ ಹಾರಿಹೋಯಿತು. ಯಾರಿಗೋ ಸನ್ನೆ ಮಾಡಿದರು. ಸೆಕ್ಯುರಿಟಿಯವನು ಬಂದ, ಅಟೆಂಡರುಗಳು ಬಂದರು, ಪೊಲೀಸಿನವರೂ ಬಂದರು. ಏಳಿ ಎಂದರು. ಏಳಲಿಲ್ಲ. ರಟ್ಟೆ ಹಿಡಿದು ಎಳೆದರು. ನಾನು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡೆ, ತಮ್ಮ ನನ್ನ ಸೊಂಟವನ್ನು ತಬ್ಬಿಕೊಂಡ. ಬಿರಿದ ಬೆರಳುಗಳಿಂದ ರಕ್ತ ಬಂದು ಹೊಸ ಬಣ್ಣಕ್ಕೆ ಅಂಟಿತು. ಕೊನೆಗೆ ಒಬ್ಬರಿಂದೊಬ್ಬರನ್ನು ಬಿಡಿಸಲಾಗದೆ, ಇಬ್ಬರನ್ನೂ ಒಟ್ಟಿಗೇ ಕೈಕಾಲು ಹಿಡಿದು ಎತ್ತಿಕೊಂಡು ಹೋಗಿ ಗೇಟಿನಾಚೆ ಹಾಕಿದರು. ನನ್ನ ಕೆಲಸ ಅಲ್ಲಿಗೇ ಮುಗಿಯಿತು. ರಿಬ್ಬನ್ನೂ ಕತ್ತರಿಸಿರಬಹುದು, ನಾವು ನೋಡಲಿಲ್ಲ.

ಎತ್ತಿ ಹಾಕಿದರು, ನಿಜ. ಅವನ ಕೈಗೊಂದು ಇಂಜೆಕ್ಷನ್ ಚುಚ್ಚಿ, ಹುಷಾರಿಲ್ಲ ಎಂದು ಬರೆದು, ವಾರ್ಡಿನಲ್ಲಿ ಮಲಗಿಸಬೇಕೆಂದಿದ್ದರು. ಅದಾಗಲಿಲ್ಲ. ಅವನು ರಸ್ತೆಯಲ್ಲಿ ಎದ್ದು ಕೂತು, ಹರಿದ ಹೊಸ ಅಂಗಿಯ ಧೂಳು ಕೊಡವಿಕೊಂಡು, ಬಾಯಿ ತುಂಬ ಅವರನ್ನು ಬೈಯುತ್ತಿದ್ದ. ಎಂತೆಂಥ ಬೈಗುಳ! ನಾನು ಪಕ್ಕದಲ್ಲಿ ಕೂತು ಒಂದನ್ನೂ ಬಿಡದೆ ಕೇಳಿಸಿಕೊಂಡೆ.